ಫಕ್ರುದ್ದೀನ್ ಮಾಡಿದ ಪಂಪು

ಮದ್ದೂರಿನ ರೈಲ್ವೆ ಗೇಟಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಫಕ್ರುದ್ದೀನನ ತಗಡಿನ ಶೆಡ್ಡು ಇತ್ತು. ಕೆಟ್ಟ ಇಂಜಿನ್ನೋ, ಹಲ್ಲು ಮುರಿದ ಗಾಣವೋ, ಸೋರುವ ಪಂಪೋ, ಏನು ಬಂದರೂ ಅವನು ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಅದರ ಹಿತ್ತಾಳೆ ಬಿಲ್ಲೆಯನ್ನು ಉಜ್ಜುತ್ತಿದ್ದ. ಬಿಲ್ಲೆಯ ಮೇಲಿನ ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಆದರೆ ಇಸವಿ ಓದಲು ಬರುತ್ತಿತ್ತು. ಬ್ಲಫ್‌ನಲ್ಲಿ ಶಿವನಸಮುದ್ರದ ಕರೆಂಟು ಮನೆಯ ಫಿಟ್ಟರ್ ಆಗಿ ಹನ್ನೊಂದು ವರ್ಷ ಇದ್ದಾಗ ಅಂಟಿಸಿಕೊಂಡ ಚಟ ಅದು.

ಶಿವನಸಮುದ್ರದ ಕರೆಂಟು ಮನೆಗೆ ಯಂತ್ರಗಳು ಬಂದ ಕಾಲದಲ್ಲಿ ಅವನ ಅಪ್ಪ ಮಳವಳ್ಳಿಯಲ್ಲಿ ಗಾಡಿಚಕ್ರಕ್ಕೆ ಪಟ್ಟಿ ಕಟ್ಟುವ ಕೆಲಸದಲ್ಲಿದ್ದ. ಎತ್ತು ಸಾಲದೆ ಆನೆ ಹೂಡಿ ಎಳೆಸಿದ್ದನ್ನು ಸಾಯುವವರೆಗೂ ಹೇಳುತ್ತಿದ್ದ. ಆ ಯಂತ್ರಗಳು ಹೊಚ್ಚ ಹೊಸವು, ಅಮೆರಿಕಾದವನ ಮನೆಯಲ್ಲೂ ಅದಕ್ಕಿಂತ ಹೊಸದು ಇರಲಿಲ್ಲ ಎಂದು ಅವನ ಹೆಮ್ಮೆ. ಮಗನಿಗೆ ಆ ಹೆಮ್ಮೆ ಪೂರ್ತಿ ದಕ್ಕಲಿಲ್ಲ. ಯಂತ್ರ ಹೊಸದು ಸರಿ, ಆದರೆ ಅದನ್ನು ಮಾಡಿದವರು ಮಾಡುವುದನ್ನು ನಿಲ್ಲಿಸಿ ಕೂತಿರಲಿಲ್ಲವಲ್ಲ. ಮೂವತ್ತು ವರ್ಷದಲ್ಲಿ ಅವರು ಎಲ್ಲಿಗೆ ಹೋಗಿರಬಹುದು ಎಂದು ಅವನು ಎಣ್ಣೆ ಬಿಡುತ್ತಾ ಯೋಚಿಸುತ್ತಿದ್ದ.

ಅಪ್ಪ ಹಾಸಿಗೆ ಹಿಡಿದ ಮೇಲೆ ಬ್ಲಫ್ ಬಿಟ್ಟು, ಹೆಂಡತಿ ಜೈನಾಬ್ ಬೀಯ ತವರಾದ ಮದ್ದೂರಿಗೆ ಬಂದು ಶೆಡ್ಡು ಹಾಕಿದ. ಅಲ್ಲಿ ಅವನಿಗೆ ಸಿಕ್ಕ ಗೆಳೆಯ ಮಿಡ್ಲ್ ಸ್ಕೂಲಿನ ಸಿದ್ದರಾಜು ಮೇಷ್ಟ್ರು. ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮಾಡಿ, ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದ ಮನುಷ್ಯ. ಸಂಜೆ ಸ್ಕೂಲು ಬಿಟ್ಟ ಮೇಲೆ ಪೇಪರು ಹಿಡಿದುಕೊಂಡು ಬಂದು, ಬೋರಲು ಹಾಕಿದ ಎಣ್ಣೆಡಬ್ಬದ ಮೇಲೆ ಕೂರುತ್ತಿದ್ದರು. ಫಕ್ರುದ್ದೀನ್ ಅರ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದ.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಬೆಸಗರಹಳ್ಳಿಯ ಮರಿಸಿದ್ದಯ್ಯ ಮದರಾಸಿನ ಹರಾಜಿನಲ್ಲಿ ಒಂದು ಆಯಿಲ್ ಇಂಜಿನ್ನು, ಅದರ ಜೊತೆಗೊಂದು ಪಂಪು ಕೊಂಡು, ಗಾಡಿಯ ಮೇಲೆ ಹೇರಿಸಿಕೊಂಡು ಶೆಡ್ಡಿನ ಮುಂದೆ ನಿಲ್ಲಿಸಿದರು. ಹದಿನೆಂಟು ಎಕರೆಯ ಒಡೆಯ. ಫಕ್ರುದ್ದೀನ್ ಬಿಲ್ಲೆ ಉಜ್ಜಿದ. ಸಾವಿರದ ಒಂಬೈನೂರ ಒಂಬತ್ತು.

"ಇಪ್ಪತ್ತೊಂಬತ್ತು ವರ್ಸದ್ದು ಗೌಡ್ರೆ. ಅಲ್ಲಿ ಯಾರೋ ಸಾಕು ಅಂತ ಬಿಸಾಕಿರೋದು."

"ಬಿಸಾಕಿದ್ರೆ ಬಿಸಾಕ್ಲಿ ಬುಡ್ಲಾ. ನಮ್ಮೂರಿಗೆ ಮೊದಲ್ನೇದು ಅಲ್ವಾ? ಓಡ್ತದೋ ಇಲ್ವೋ ಅಷ್ಟು ಯೋಳು."

ಓಡಿತು. ಬೆಸಗರಹಳ್ಳಿಯವರು ಬಾವಿಯ ಸುತ್ತ ನಿಂತು ನೋಡಿದರು. ಮರಿಸಿದ್ದಯ್ಯನ ಪಕ್ಕದ ಹೊಲದ ಬೆಟ್ಟಮ್ಮ, ಗಂಡ ಸತ್ತ ಮೇಲೆ ಎರಡು ಎಕರೆಯನ್ನು ಜೋಡಿ ಎತ್ತಿನ ಕಪಿಲೆಯಲ್ಲಿ ನೀರೆತ್ತಿ ಸಾಕುತ್ತಿದ್ದವಳು, ಕೊಳವೆಯ ಬಾಯಿಗೆ ಕೈಯೊಡ್ಡಿ ನೋಡಿ ತನ್ನ ಹೊಲಕ್ಕೆ ಹೋದಳು.

ಅಂದು ಸಂಜೆ ಫಕ್ರುದ್ದೀನ್ ಮೇಷ್ಟ್ರನ್ನು ಕೇಳಿದ. "ಇಪ್ಪತ್ತೊಂಬತ್ತು ವರ್ಸ ಹಿಂದಿದ್ದೀವಿ. ಯಾವತ್ತಾದ್ರೂ ಸಮ ಆಯ್ತೀವಾ?"

ಮೇಷ್ಟ್ರಿಗೆ ಇಂಥ ಪ್ರಶ್ನೆ ಎಂದರೆ ಊಟ ಬೇಡ. "ಆಗೇ ಆಗ್ತೀವಿ ಕಣಯ್ಯ. ಮೊದಲು ಹೋದೋನು ಮುಳ್ಳು ಕಡೀಬೇಕು, ಹಳ್ಳ ಮುಚ್ಚಬೇಕು, ನಾಕು ಸಾರಿ ದಾರಿ ತಪ್ಪಬೇಕು. ಹಿಂದೆ ಬರೋನಿಗೆ ದಾರಿ ತಯಾರಾಗಿರ್ತದೆ. ಅವನು ಕಂಡುಹಿಡೀಬೇಕಾಗಿಲ್ಲ, ನೋಡಿ ಮಾಡಿದ್ರೆ ಸಾಕು. ಅದಕ್ಕೇ ಹಿಂದಿರೋನು ಬೇಗ ನಡೀತಾನೆ. ಜಪಾನಿನೋರನ್ನ ನೋಡು. ನಮ್ಮ ತಾತನ ಕಾಲದಲ್ಲಿ ಅವರ ಹತ್ರ ಏನಿತ್ತು? ಈಗ ಸಂತೇಲಿ ಸೈಕಲ್ಲು, ಗಡಿಯಾರ, ಗಾಜಿನ ಬಳೆ, ಎಲ್ಲ ಅವರದೇ."

ನೋಡಿ ಮಾಡಿದರೆ ಸಾಕು. ಆ ಮಾತು ಫಕ್ರುದ್ದೀನನ ತಲೆಯಲ್ಲಿ ಉಳಿದುಕೊಂಡಿತು.

ನೋಡಿ ಮಾಡುವ ಕಾಲ ಎರಡೇ ವರ್ಷದಲ್ಲಿ ಬಂತು. ಯುದ್ಧ ಶುರುವಾಗಿತ್ತು. ನಲವತ್ತರ ಮಾಘದಲ್ಲಿ ಮರಿಸಿದ್ದಯ್ಯನ ಪಂಪಿನ ಹೊರಚಿಪ್ಪು ಬಿರುಕು ಬಿಟ್ಟಿತು. ಬೆಂಗಳೂರಿನ ಅಂಗಡಿಯವರು ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟರು. ಹಡಗಿನಲ್ಲಿ ಗುಂಡು, ಬಂದೂಕು ಬರುತ್ತಿವೆ, ಪಂಪು ಬರುವುದಿಲ್ಲ. ಕಬ್ಬು ಬಾಡುತ್ತಿತ್ತು. ಫಕ್ರುದ್ದೀನ್ ಪಂಪನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಮೂರು ದಿನ ಬರೀ ನೋಡಿದ. ನಾಲ್ಕನೆಯ ದಿನ ಹಲಸಿನ ಮರದ ತುಂಡು ತರಿಸಿ ಅಚ್ಚು ಕೆತ್ತಲು ಕೂತ.

ಎರಕವನ್ನು ಬೆಂಗಳೂರಿನ ಒಂದು ಸಣ್ಣ ಎರಕದ ಮನೆಯಲ್ಲಿ ಹೊಯ್ಯಿಸಿದ. ಮೊದಲನೆಯದರಲ್ಲಿ ಗಾಳಿಗುಳ್ಳೆ. ಎರಡನೆಯದು ರೈಲಿನಿಂದ ಇಳಿಸುವಾಗಲೇ ಸೀಳಿತು. ಮೂರನೆಯದು ನಿಂತಿತು. ಆದರೆ ಎರಕ ಹೊಯ್ದ ಮೇಲೆ ಅದನ್ನು ಕಡೆದು ನುಣುಪು ಮಾಡಬೇಕು, ಅದಕ್ಕೆ ಲೇತು ಬೇಕು, ಲೇತು ತಿರುಗಲು ಕರೆಂಟು ಬೇಕು. ಪೇಟೆಯ ಬೀದಿಗೆ ದೀಪ ಬಂದಿತ್ತು, ಹೊಳೆಯ ಕಡೆಯ ಇಳಿಜಾರಿಗೆ ಬಂದಿರಲಿಲ್ಲ. ಕೈಯಲ್ಲಿ ತಿರುಗಿಸುವ ಹಳೆಯ ಲೇತೊಂದನ್ನು ಹೇಗೋ ಸಂಪಾದಿಸಿದ. ಅದರ ಜೊತೆಯ ದೊಡ್ಡ ಚಕ್ರವನ್ನು ಶೆಡ್ಡಿನ ಹಿಂಭಾಗದಲ್ಲಿ ಹೂತು, ನಡುವೆ ಗೋಣಿಯ ಪರದೆ ಕಟ್ಟಿದ. ಪರದೆಯ ಸೀಳಿನಲ್ಲಿ ಹಗ್ಗದ ಪಟ್ಟಿ ಈಚೆ ಬರುತ್ತಿತ್ತು. ಪರದೆಯ ಆಚೆ ಚಕ್ರ ತಿರುಗಿಸುತ್ತಿದ್ದವಳು ಜೈನಾಬ್ ಬೀ.

ಬೇರೆ ಯಾರನ್ನೂ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಅದೂ ಅಲ್ಲದೆ ಚಕ್ರ ಒಂದೇ ಸಮನೆ ತಿರುಗಬೇಕು. ಜೋರಾದರೆ ಉಳಿ ಕಚ್ಚುತ್ತದೆ, ನಿಧಾನವಾದರೆ ಗೀರು ಬೀಳುತ್ತದೆ. ಅವಳ ಕೈಗೆ ಆ ಲಯ ಒಂದು ವಾರದಲ್ಲಿ ಹತ್ತಿತು. ಬೆಳಗಿನ ಅಡಿಗೆ ಮುಗಿಸಿ ಬಂದು ಇಳಿಹೊತ್ತಿನ ಅಸರ್ ನಮಾಜಿನವರೆಗೆ ತಿರುಗಿಸುತ್ತಿದ್ದಳು.

ಒಂದು ದಿನ ಮರಿಸಿದ್ದಯ್ಯ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದರು. ಪಟ್ಟಿ ಸರ್ರನೆ ಓಡುತ್ತಿತ್ತು.

"ಅದ್ಯಾವ ಇಂಜಿನ್ನು ಮಡಗಿದ್ದೀಯಲಾ ಇಂದೆ? ಸದ್ದೇ ಇಲ್ವಲ್ಲ?"

ಫಕ್ರುದ್ದೀನ್ ಬಾಯಿ ತೆರೆಯುವುದರೊಳಗೆ ಪರದೆಯ ಆಚೆ ಒಂದು ಕೆಮ್ಮು ಕೇಳಿಸಿತು. ಹೆಣ್ಣಿನ ಕೆಮ್ಮು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಮರಿಸಿದ್ದಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡು ಮಳೆಯ ಮಾತು ತೆಗೆದರು. ಫಕ್ರುದ್ದೀನನ ಕಿವಿ ಬಿಸಿಯಾಗಿತ್ತು.

ಪಂಪು ಆಯಿತು. ಬೆಸಗರಹಳ್ಳಿಯ ಬಾವಿಗೆ ಇಳಿಸಿ ಇಂಜಿನ್ನಿಗೆ ಪಟ್ಟಿ ಹಾಕಿದಾಗ ನೀರು ಇಂಗ್ಲೆಂಡಿನ ಪಂಪಿನಷ್ಟೇ ದಪ್ಪಗೆ ಬಂತು. ಮೇಷ್ಟ್ರು ತಾವೇ ಹಿಡಿದು ತಂದ ಗಡಿಗೆ, ಗಡಿಯಾರ ಇಟ್ಟುಕೊಂಡು ಅಳೆದು, "ಸಮ! ಸಮ ಕಣಯ್ಯ!" ಎಂದು ಕೂಗಿದರು. ಅವರೇ ಒಂದು ಹಿತ್ತಾಳೆ ಬಿಲ್ಲೆಯ ಮೇಲೆ "ಮದ್ದೂರು, ೧೯೪೧" ಎಂದು ಕೆತ್ತಿಸಿಕೊಟ್ಟರು. ಯಂತ್ರ ಹುಟ್ಟಿದ ವರ್ಷವೂ ಬಾವಿಗೆ ಇಳಿದ ವರ್ಷವೂ ಒಂದೇ ಆದದ್ದನ್ನು ಫಕ್ರುದ್ದೀನ್ ಮೊದಲ ಸಲ ಕಂಡಿದ್ದ.

ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಅದನ್ನೆಲ್ಲ ಹೇಳಿದ. ಮನೆಯಲ್ಲಿ ಅವರ ಮಾತು ಉರ್ದು. ಜೈನಾಬ್ ಬೀ ಎಲ್ಲವನ್ನೂ ಕೇಳಿ, ರೊಟ್ಟಿ ಮುರಿಯುತ್ತಾ ಅಂದಳು: "ನಿಮ್ಮ ಪಂಪು ಅವರದಕ್ಕೆ ಸಮ ಆಯಿತು ಅನ್ನುತ್ತೀರಿ. ಅಲ್ಲಿಯ ಹೆಂಗಸರೂ ಚಕ್ರ ತಿರುಗಿಸಿಯೇ ಮಾಡುತ್ತಾರಾ?"

ಅವಳು ಕುಟುಕಲು ಕೇಳಿದ್ದಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು.

ಯುದ್ಧದ ವರ್ಷಗಳು ಅವನ ಒಳ್ಳೆಯ ವರ್ಷಗಳು. ಲೋಕವೆಲ್ಲ ಉರಿಯುತ್ತಿರುವಾಗ ಇದನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಸರ್ಕಾರ ಹೆಚ್ಚು ಬೆಳೆಯಿರಿ ಎನ್ನುತ್ತಿತ್ತು, ಹೊರಗಿನ ಪಂಪು ಬರುತ್ತಿರಲಿಲ್ಲ. ಮಂಡ್ಯ, ಮಳವಳ್ಳಿ, ಅತ್ತ ಕೊಪ್ಪದ ಕಡೆಯಿಂದಲೂ ಜನ ಬಂದರು. ನಾಲ್ಕೂವರೆ ವರ್ಷದಲ್ಲಿ ಇಪ್ಪತ್ತಮೂರು ಪಂಪು. ಕಬ್ಬಿಣ ಸಿಗದೆ ಮುರಿದ ಗಾಣ, ಹಳೇ ಹಳಿಯ ಚೂರು, ಹಂಡೆಯ ತಳ ಏನೆಲ್ಲ ಕರಗಿಸಿದರು. ಹನ್ನೆರಡನೆಯ ಪಂಪಿನ ಹೊತ್ತಿಗೆ ಅವನಿಗೆ ಅಚ್ಚು ನೋಡಬೇಕಾದ ಅಗತ್ಯವೇ ಬೀಳಲಿಲ್ಲ, ಕೈಯೇ ಹೇಳುತ್ತಿತ್ತು. ಆ ಹೊತ್ತಿಗೇ ಜೈನಾಬ್ ಬೀಯ ಬಲಭುಜ ನೋಯತೊಡಗಿತ್ತು. ಎಣ್ಣೆ ಕಾಯಿಸಿ ತಿಕ್ಕಿದರು, ಪಟ್ಟು ಹಾಕಿಸಿದರು. ಇಪ್ಪತ್ತನೆಯದು ಮುಗಿಯುವಾಗ ಅವಳು ಎಡಗೈಯಿಂದ ತಿರುಗಿಸುತ್ತಿದ್ದಳು. ಅವಳ ತಲೆ ಬಾಚಲು ಪಕ್ಕದ ಮನೆಯ ಸುಲ್ತಾನ್ ಬೀ ಬರಬೇಕಾಗಿತ್ತು.

"ಸಾಕು ಬಿಡು," ಎಂದರೆ, "ಆ ಮಳವಳ್ಳಿಯವರಿಗೆ ಮಾತು ಕೊಟ್ಟಿದ್ದೀರಲ್ಲ," ಎನ್ನುತ್ತಿದ್ದಳು.

ನಲವತ್ತೈದರ ಆಗಸ್ಟಿನಲ್ಲಿ ಜಪಾನಿನ ಎರಡು ಊರು ಬೂದಿಯಾದ ಸುದ್ದಿ ಪೇಪರಿನಲ್ಲಿ ಬಂತು. ಮೇಷ್ಟ್ರು ಆ ದಿನ ಓದಿ ಹೇಳಲಿಲ್ಲ, ಪೇಪರನ್ನು ಅವನ ಕೈಗೆ ಕೊಟ್ಟರು. ಅಕ್ಷರ ಬಾರದ ಅವನು ಅದನ್ನು ಹಿಡಿದುಕೊಂಡು ನಿಂತ.

"ಅಷ್ಟು ಓಡಿ ಓಡಿ ಸಮ ಆದೋರ್ಗೆ ಇದಾ ಆಗಿದ್ದು?" ಎಂದ.

ಮೇಷ್ಟ್ರು ಪೇಪರನ್ನು ವಾಪಸು ತೆಗೆದುಕೊಂಡು ಮಡಿಸುತ್ತಾ, "ಎದ್ದು ನಿಂತ್ಕೋತಾರೆ. ಯಂತ್ರ ಸುಟ್ಟಿರಬಹುದು, ಕಲಿತದ್ದು ತಲೇಲಿ ಇರ್ತದಲ್ಲ," ಎಂದರು. ಅವರ ಧ್ವನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಯುದ್ಧ ನಿಂತು ವರ್ಷ ತುಂಬುವುದರೊಳಗೆ ಮಂಡ್ಯದಲ್ಲಿ ಒಬ್ಬ ಏಜೆಂಟು ಅಂಗಡಿ ತೆರೆದ. ಹೊಸ ಪಂಪು ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಬಂತು. ಇಂಜಿನ್ನು, ಪಂಪು ಎರಡೂ ಒಂದೇ ಪೀಠದ ಮೇಲೆ, ಪಟ್ಟಿ ಇಲ್ಲ. ಇಬ್ಬರು ಹೊತ್ತು ನಡೆಯಬಹುದು. ಮೊದಲು ಕೊಂಡವರು ಮರಿಸಿದ್ದಯ್ಯನವರೇ. ಅವರಲ್ಲಿ ಕಪಟವಿರಲಿಲ್ಲ, ಶೆಡ್ಡಿಗೇ ತಂದು ತೋರಿಸಿದರು.

"ಬೇಜಾರು ಮಾಡ್ಕೋಬೇಡ ಕಣ್ಲಾ ಪಕ್ರು. ನಿನ್ ಪಂಪು ಕೆಟ್ಟದ್ದಂತ ಅಲ್ಲ. ಇದು ಅದರ ಮೂರರಷ್ಟು ನೀರೆಸೀತದೆ, ಎಣ್ಣೆ ಅರ್ಧ ಕುಡೀತದೆ. ನಾನೇನ್ ಮಾಡ್ಲಿ, ಯೋಳು."

"ಬೇಜಾರೇನಿಲ್ಲ ಗೌಡ್ರೆ. ಒಂದಿನ ಇಲ್ಲೇ ಬುಟ್ಟೋಗಿ, ಬಿಚ್ಚಿ ನೋಡ್ತೀನಿ."

ಬಿಚ್ಚಿದ. ಗೋಣಿತಾಟು ಹಾಸಿ ಭಾಗಗಳನ್ನು ಸಾಲಾಗಿ ಇಟ್ಟ. ಮೇಷ್ಟ್ರು ಡಬ್ಬದ ಮೇಲೆ ಕೂತು, ಈ ಸಲ ಎಷ್ಟು ದಿನವಾಗಬಹುದು ಎಂದು ಕೇಳಿದರು. ಫಕ್ರುದ್ದೀನ್ ಒಳಗಿನ ರೆಕ್ಕೆಚಕ್ರವನ್ನು ಬೆಳಕಿಗೆ ಹಿಡಿದ. ಗೋಡೆ ರೊಟ್ಟಿಯಷ್ಟು ತೆಳ್ಳಗಿತ್ತು. ಅಷ್ಟು ತೆಳ್ಳಗೆ ಕಬ್ಬಿಣ ಹರಿಸಲು ಬೇಕಾದ ಕುಲುಮೆ ಬೆಂಗಳೂರಿನ ಆ ಎರಕದ ಮನೆಯಲ್ಲಿ ಇರಲಿಲ್ಲ. ಹಿತ್ತಾಳೆಯ ಬುಷ್ಷು ಇದ್ದ ಜಾಗದಲ್ಲಿ ಉಕ್ಕಿನ ಗೋಲಿಗಳ ಬೇರಿಂಗು. ಒಂದು ಗೋಲಿಯನ್ನು ಬೆರಳ ತುದಿಯಲ್ಲಿ ಉರುಳಿಸಿ ನೋಡಿದ. ಅದು ಎಷ್ಟು ದುಂಡಗಿತ್ತೆಂದರೆ ಅವನಿಗೆ ತಲೆ ಎತ್ತಬೇಕೆನಿಸಲಿಲ್ಲ.

"ಇದು ನಂಗಾಗಲ್ಲ ಮೇಷ್ಟ್ರೆ."

"ಮೊದಲ್ನೇದಕ್ಕೂ ಹಂಗೇ ಅಂದಿದ್ದೆ."

"ಮೊದಲ್ನೇದು ಕೈಯಲ್ಲಿ ಮಾಡಿದ್ದೋರ ಪಂಪು. ಅವರ ಕೈ, ನನ್ನ ಕೈ ಒಂದೇ. ಇದು ಯಂತ್ರ ಮಾಡಿರೋ ಯಂತ್ರ. ಇದ ಮಾಡೋಕೆ ಮೊದ್ಲು ಆ ಯಂತ್ರ ಮಾಡ್ಬೇಕು, ಅದ ಮಾಡೋಕೆ ಇನ್ನೊಂದು. ತಲೇಲೇನೋ ಇದೆ, ಹೆಂಗೆ ಮಾಡವ್ರೆ ಅಂತ ಕಾಣ್ತಾ ಅದೆ. ಕಬ್ಬಿಣಕ್ಕೆ ಇಳಿಸೋಕೆ ನನ್ನತ್ರ ಏನೂ ಇಲ್ಲ."

"ಸ್ವಂತ ಸರ್ಕಾರ ಬರ್ಲಿ. ಕಾರ್ಖಾನೆ ಬರ್ತವೆ, ಸ್ಕೂಲು ಬರ್ತವೆ. ಮೂವತ್ತು ವರ್ಷ ಸಾಕು."

"ನೀವು ಅವತ್ತು ಯೋಳಿದ್ರಲ್ಲ, ದಾರಿ ತಯಾರಾಗಿರ್ತದೆ ಅಂತ. ನಾನು ನಡ್ದೆ ಮೇಷ್ಟ್ರೆ. ಐದು ವರ್ಸ ಚೆನ್ನಾಗೇ ನಡ್ದೆ. ಅವನು ನಿಂತಿರ್ತಾನೆ ಅಂದ್ಕೊಂಡಿದ್ದೆ. ಅವನು ನಡೀತಾನೇ ಅವ್ನೆ. ಅವನ್ದು ದೊಡ್ಡ ಹೆಜ್ಜೆ."

ಅವನು ಬೇರಿಂಗನ್ನು ಎಣ್ಣೆಯಲ್ಲಿ ತೊಳೆದು ಪಂಪನ್ನು ಮತ್ತೆ ಜೋಡಿಸತೊಡಗಿದ. ಒಂದು ತಿರುಪೂ ತಪ್ಪದಂತೆ ಜೋಡಿಸಿದ. ಅದೇ ಅವನ ಮುಂದಿನ ಅನ್ನವಾಯಿತು. ಏಜೆಂಟನಿಗೆ ಆ ಪಂಪನ್ನು ಬಿಚ್ಚಿ ಜೋಡಿಸಬಲ್ಲವನು ಬೇಕಾಗಿತ್ತು. ಫಕ್ರುದ್ದೀನ್ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಸಂಜೆ ಬರತೊಡಗಿದ. ಲೇತನ್ನು ಚನ್ನಪಟ್ಟಣದ ಬೊಂಬೆ ಕಡೆಯುವವನೊಬ್ಬ ಒಯ್ದ. ಜೈನಾಬ್ ಬೀಯ ತೋಳು ಹೆಗಲಿನಿಂದ ಮೇಲೆ ಏಳಲೇ ಇಲ್ಲ. ಆದರೂ ಹಗಲೆಲ್ಲ ಸುಮ್ಮನೆ ಕೂರಲಾರದೆ, ಆ ಖಾಲಿ ಹಿಂಭಾಗದಲ್ಲಿ ಕೋಳಿ ಸಾಕಿದಳು.

ಮರಿಸಿದ್ದಯ್ಯ ಹಳೆಯ ಇಂಜಿನ್ನನ್ನೂ ಮದ್ದೂರಿನ ಪಂಪನ್ನೂ ತೂಕದ ಬೆಲೆಗೆ ಬೆಟ್ಟಮ್ಮನಿಗೆ ಕೊಟ್ಟಿದ್ದರು. ಅವಳು ಕಪಿಲೆಯ ಎತ್ತಿನ ಜೋಡಿಯನ್ನು ಮಾರಿ ಕೊಂಡಳು. ಮೊದಲ ಬೆಳೆ ಚೆನ್ನಾಗಿ ಬಂತು. ನಲವತ್ತೇಳರ ಬೇಸಿಗೆಯಲ್ಲಿ ನೀರು ತೆಳುವಾಯಿತು. ಆಷಾಢದ ಹೊತ್ತಿಗೆ ಪಂಪು ಬರೀ ಗಾಳಿ ಎಳೆದು ಗೊರಗೊರ ಅನ್ನತೊಡಗಿತು. ಅವಳು ಎರಡು ಸಲ ಮದ್ದೂರಿಗೆ ಬಂದು, ಅವನು ಸಿಗದೆ, ಜೈನಾಬ್ ಬೀಯ ಹತ್ತಿರ ಹೇಳಿ ಹೋಗಿದ್ದಳು.

ಆಗಸ್ಟ್ ಹದಿನಾರರ ಶನಿವಾರ ಅಂಗಡಿಗೆ ರಜೆ ಇತ್ತು. ಫಕ್ರುದ್ದೀನ್ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬೆಸಗರಹಳ್ಳಿಯ ಬಸ್ಸು ಹತ್ತಿದ. ರಂಜಾನಿನ ಕೊನೆಯ ದಿನಗಳು. ಬೆಳಗಾಗುವ ಮುಂಚೆ ಸೆಹ್ರಿಯ ಹೊತ್ತಿನಲ್ಲಿ ತಿಂದದ್ದು ಎಂದೋ ಕರಗಿತ್ತು. ಇಳಿದಾಗ ಊರಿನ ಸ್ಕೂಲಿನ ಮುಂದೆ ಹಿಂದಿನ ದಿನದ ಬಣ್ಣದ ಕಾಗದದ ತೋರಣ ಇನ್ನೂ ಇತ್ತು. ಭಾಷಣಕ್ಕೆಂದು ಬಂದು ಉಳಿದಿದ್ದ ಸಿದ್ದರಾಜು ಮೇಷ್ಟ್ರು ಬಸ್ಸಿಗೆ ಕಾಯುತ್ತಿದ್ದರು. ಗಂಟಲು ಒಡೆದು ಹೋಗಿತ್ತು.

"ಬಂತಲ್ಲ ಮೇಷ್ಟ್ರೆ ನಿಮ್ಮ ಸ್ವಂತ ಸರ್ಕಾರ?"

"ಡೆಲ್ಲಿಗೆ ಬಂದಿದೆ. ಮೈಸೂರಿಗೆ ಇನ್ನೂ ಬರಬೇಕು. ಇದ್ರಲ್ಲೂ ನಾವು ಹಿಂದೆ," ಎಂದು ನಕ್ಕರು. ಆಮೇಲೆ ಅವನ ಚೀಲ ನೋಡಿ, "ರೋಜಾ ಉಪವಾಸ ಇಟ್ಕೊಂಡು ಬಾವಿಗೆ ಇಳೀತೀಯಾ?" ಎಂದರು.

ದಾರಿಯಲ್ಲಿ ಗದ್ದೆಯ ಬದುವಿನ ಮೇಲೆ ಮರಿಸಿದ್ದಯ್ಯ ಸಿಕ್ಕರು. "ನೀನೂ ಓಯ್ತೀಯೇನ್ಲಾ ಪಕ್ರು, ಆ ಪಾಕಿಸ್ತಾನಕ್ಕೆ? ಪೇಪರ್‌ನಲ್ಲಿ ಏನೇನೋ ಬತ್ತಾ ಅದೆ."

"ದಿನಾ ಮಂಡ್ಯಕ್ಕೋಗಿ ಬರೋದ್ರಲ್ಲೇ ಸೊಂಟ ಬಿದ್ದೋಗದೆ ಗೌಡ್ರೆ," ಎಂದು ಅವನು ಮುಂದೆ ನಡೆದ. ಹಿಂದಿನಿಂದ ಹೊಸ ಪಂಪಿನ ಸದ್ದು ಕೇಳುತ್ತಿತ್ತು. ಇಂಜಿನ್ನು ಚೆನ್ನಾಗಿ ಓಡುತ್ತಿದೆ ಎಂದು ಅವನ ಕಿವಿ ತಾನಾಗಿ ಗುರುತಿಸಿತು. ಹೋದ ತಿಂಗಳು ಅದನ್ನು ಸರಿಮಾಡಿದ್ದವನು ಅವನೇ.

ಬೆಟ್ಟಮ್ಮನ ಬಾವಿಯೊಳಗೆ ಬಗ್ಗಿ ನೋಡಿದಾಗ ಅವನಿಗೆ ವಿಷಯ ತಿಳಿಯಿತು. ಪಂಪಿನಲ್ಲಿ ದೋಷವಿರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟ. ನೀರು ಮೂವತ್ತೊಂದು ಅಡಿ ಕೆಳಗಿತ್ತು. ಯಾವ ಪಂಪೂ ಕೂತ ಜಾಗದಿಂದ ಇಪ್ಪತ್ತನಾಲ್ಕು ಇಪ್ಪತ್ತೈದು ಅಡಿಗಿಂತ ಆಳದ ನೀರನ್ನು ಹೀರಲಾರದು.

"ಮೊದ್ಲು ಎಷ್ಟಡಿಗಿತ್ತವ್ವ ನೀರು?"

"ಅತ್ತೆ ಕಾಲದಿಂದ್ಲೂ ಇಪ್ಪತ್ತಡಿ. ಯಾವ ಬರಕ್ಕೂ ಇಳಿದಿರ್ನಿಲ್ಲ." ಅವಳು ಬದುವಿನಾಚೆ ಕೈ ತೋರಿಸಿದಳು. "ಅದು ಬಂದ್ಮೇಲೆ ಇಂಗಾಯ್ತು. ಆ ಬಾವೀಲಿ ಎಳೆದ್ರೆ ಇಲ್ಲಿ ಇಳೀತದೆ. ನಾನೇನು ಉಡುಗೀನಾ, ಅಷ್ಟೂ ತಿಳಿಯಾಕಿಲ್ವಾ? ಗೌಡಪ್ಪನ್ ಕೇಳ್ದೆ. 'ನನ್ ಬಾವೀಲಿ ನಾನೆತ್ತುತೀನಿ ಕಣಮ್ಮ, ನಿನ್ ಬಾವಿಗೆ ಕೈ ಆಕಿದ್ದೀನಾ?' ಅಂದ. ಅದೂ ದಿಟವೇ."

ಎತ್ತು ಇದ್ದಿದ್ದರೆ ಕಪಿಲೆಯ ಹಗ್ಗ ಉದ್ದ ಮಾಡಿದರೆ ಸಾಕಿತ್ತು.

ಬಾವಿಯ ಒಳಗೋಡೆಯಲ್ಲಿ ಎಂಟಡಿ ಕೆಳಗೆ ಬಂಡೆಯ ಒಂದು ಚಾಚು ಇತ್ತು. ಅದನ್ನು ಉಳಿಯಿಂದ ಸವರಿ ಅಗಲ ಮಾಡಿ ಪಂಪನ್ನು ಅಲ್ಲಿಗೆ ಇಳಿಸಬೇಕು, ಇಂಜಿನ್ನು ಮೇಲೇ ಇದ್ದು ಪಟ್ಟಿ ಉದ್ದವಾಗಬೇಕು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಸೂರ್ಯ ನೆತ್ತಿಗೆ ಬಂದು, ಕಳೆದು, ಬಾವಿಯೊಳಗೆ ಮತ್ತೆ ನೆರಳಾಗುವವರೆಗೆ ಕಲ್ಲು ಕೊಚ್ಚಿದ. ನಾಲಗೆ ಅಂಗುಳಕ್ಕೆ ಅಂಟಿತ್ತು. ಮಧ್ಯೆ ಬೆಟ್ಟಮ್ಮ ಮಜ್ಜಿಗೆಯ ಚೊಂಬು ಹಿಡಿದು ಬಗ್ಗಿದಳು.

"ಉಪವಾಸ ಕಣವ್ವ."

"ಅಯ್ಯೋ, ಅಂಗಾದ್ರೆ ಮೊದ್ಲೇ ಯೋಳ್ಬಾರ್ದಿತ್ತಾ? ನಾಳಿದ್ದು ಹಬ್ಬ ಮುಗಿಸ್ಕೊಂಡು ಬರೋನು," ಎಂದು ಬೈದು ಚೊಂಬನ್ನು ಸೆರಗಿನಡಿ ಮುಚ್ಚಿಕೊಂಡು ಹೋದಳು.

ಅವಳ ಅಣ್ಣನ ಮಕ್ಕಳಿಬ್ಬರು ಬಂದು ಹಗ್ಗ ಹಿಡಿದರು. ಪಂಪನ್ನು ಇಳಿಸಿ ಕೂರಿಸಿ, ಇಂಜಿನ್ನು ಹೊಡೆದಾಗ ಮೊದಲು ಗೊರಗೊರ, ಆಮೇಲೆ ಕೆಸರು, ಆಮೇಲೆ ನೀರು. ಹೊಸ ಪಂಪಿನ ಮುಂದೆ ಅದು ಏನೇನೂ ಅಲ್ಲ. ಆದರೂ ಕಾಲುವೆ ಹಿಡಿದು ರಾಗಿಯ ಕಡೆಗೆ ಹೋಯಿತು. ಬೆಟ್ಟಮ್ಮ ಗುದ್ದಲಿ ತೆಗೆದುಕೊಂಡು ನೀರಿನ ಮಡೆ ತಿರುಗಿಸಲು ಓಡಿದಳು.

ಅವನು ಬಾವಿಯ ಕಟ್ಟೆಯ ಮೇಲೆ ಕೂತು ಕೈಯ ಗಾಯಗಳನ್ನು ನೋಡಿಕೊಂಡ. ಅವಳು ಕಾಲಿಗೆ ಕೆಸರು ಮೆತ್ತಿಕೊಂಡು ಮರಳಿ ಬಂದಾಗ ಇದ್ದದ್ದನ್ನು ಹೇಳಿಬಿಟ್ಟ.

"ಇದು ಬರೋ ಬೇಸಿಗೆಗಂಟ ಅಷ್ಟೆ ಕಣವ್ವ. ಅವ್ರ ಪಂಪು ಹಗುರ, ಇನ್ನೂ ಆಳಕ್ಕೆ ಇಳಿಸ್ಕೊಂಡು ಎಳೀತಾರೆ. ಹೊಸ ಸೆಟ್ಟು ಇನ್ನೂ ನಾಕು ಜನ ಬರಸವ್ರೆ ಈ ಊರಿಗೆ. ನೀರು ಇನ್ನೂ ಇಳೀತದೆ."

ಬೆಟ್ಟಮ್ಮ ಬಾವಿಯೊಳಗೆ ಬಗ್ಗಿ ನೋಡಿದಳು. "ಕೆಳೀಕೆ ಇನ್ನೊಂದು ಬಂಡೆ ಅದೆಯಾ?"

"ಅದೆ. ಇನ್ನೊಂದು ಹತ್ತಡಿ ಕೆಳಗೆ. ಅದ ಬುಟ್ರೆ ಇನ್ನಿಲ್ಲ."

"ಅಂಗಾದ್ರೆ ಮುಂದಿನ ವರ್ಸ ಬಾ, ಅಲ್ಲಿಗೆ ಇಳಿಸೀಯಂತೆ. ಅದ್ರಾಚೆ ವರ್ಸದ್ದು ಆಮೇಲೆ ನೋಡುವ."

"ಬತ್ತೀನಿ," ಎಂದ ಅವನು.

ಅವಳು ಮಡಿಲಲ್ಲಿ ಕಟ್ಟಿ ತಂದಿದ್ದ ಹಸಿ ಕಡಲೆಕಾಯನ್ನು ಅವನ ಚೀಲಕ್ಕೆ ಸುರಿದಳು. ಉಪವಾಸ ಬಿಟ್ಟ ಮೇಲೆ ತಿನ್ನು, ಹೆಂಡತಿಗೂ ಕೊಡು, ಅವಳ ತೋಳು ಹೆಂಗದೆ ಎಂದು ಕೇಳಿದಳು. ಅವನು ಹಂಗೇ ಅದೆ ಎಂದ. ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಮದ್ದೂರಿನ ರಸ್ತೆ ಹಿಡಿದು ಅವನು ನಡೆಯತೊಡಗಿದ. ಹೊತ್ತು ಮುಳುಗಿದ್ದನ್ನು ನೋಡಿ ರಸ್ತೆಯ ಪಕ್ಕದ ಕಾಲುವೆಗೆ ಇಳಿದು, ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದ. ಇನ್ನೊಂದು ಬೊಗಸೆ ಕುಡಿದು, ಚೀಲ ಹೆಗಲು ಬದಲಿಸಿಕೊಂಡು ಮುಂದೆ ನಡೆದ.